1991ರ ಮಿಯಾಟಾ ತಗೊಂಡಿದ್ದೀನಿ, ಮೊದಲು ಏನು ಮಾಡಿಸಲಿ?

ಹಾಸನದ_ಹುಡುಗ (ಸನ್ನಿವೇಲ್)

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ 1991ರ ಮಜ್ದಾ ಮಿಯಾಟಾ ಮನೆಗೆ ತಂದೆ, ಎರಡೇ ಸೀಟಿನ, ಬಟ್ಟೆ ಟಾಪ್ ಮಡಚೋ ಕಾರು. ಕೆಂಪು ಬಣ್ಣ, 1.6 ಲೀಟರ್ ಎಂಜಿನ್, ಐದು ಗೇರು, ಓಡಿರೋದು 1,38,000 ಮೈಲಿ. ಮಾರಿದವರು ವಯಸ್ಸಾದವರು. ಒಂದು ಶೂ ಡಬ್ಬದ ತುಂಬ ರಸೀತಿ ಕೊಟ್ಟರು, ಆದರೆ 2014ರ ಈಚೆಗೆ ಒಂದೂ ಇಲ್ಲ. ಅಪ್ಪನಿಗೆ ಫೋನ್ ಮಾಡಿ ಮಜ್ದಾ ತಗೊಂಡೆ ಅಂದರೆ, ಅವರಿಗೆ ನೆನಪಾದದ್ದು ನಮ್ಮೂರ ಸಂತೆಗೆ ಬರ್ತಿದ್ದ ಸ್ವರಾಜ್ ಮಜ್ದಾ. ಫೋಟೋ ಕಳಿಸಿದ ಮೇಲೇ ನಂಬಿದ್ದು.

ಕೈಯಲ್ಲಿ ನಾಲ್ಕು ಸಾವಿರ ಡಾಲರ್ ಇದೆ. ಕಾಯಿಲೋವರ್ (ಎತ್ತರ ತಿದ್ದಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿ ಸ್ವಲ್ಪ ತಗ್ಗಿಸೋದು, 15 ಇಂಚಿನ ವೀಲು, ಬೇರೆ ಸೈಲೆನ್ಸರ್, ಚಿಕ್ಕ ಸ್ಟೀರಿಂಗ್, ಮುಂದಿನ ವರ್ಷ ಟರ್ಬೋ, ಇಷ್ಟು ಮನಸ್ಸಲ್ಲಿದೆ. ಯಾವುದು ಮೊದಲು, ಯಾವುದು ಆಮೇಲೆ?

ಇನ್ನು ಮೂರು ಸಣ್ಣ ವಿಷಯ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಟಿಕ್ ಟಿಕ್ ಸದ್ದು ಬರುತ್ತೆ. ಕ್ಲಚ್ ಪೆಡಲ್ ಒಮ್ಮೊಮ್ಮೆ ಮೆತ್ತಗೆ ಒಳಗೆ ಹೋಗಿಬಿಡುತ್ತೆ, ಗೇರ್ ಬೀಳಲ್ಲ. ಮಳೆ ಬಂದ ಮಾರನೇ ದಿನ ಸೀಟಿನ ಹಿಂದೆ ಕಾರ್ಪೆಟ್ ಒದ್ದೆ ಇತ್ತು.

ಬೂಸ್ಟ್_ಪ್ರಿಯ (ಫ್ರೀಮಾಂಟ್)

ಅಭಿನಂದನೆಗಳು ಗುರು! ಟರ್ಬೋ ಹೇಗಿದ್ರೂ ಹಾಕ್ತೀಯ ಅಂದ್ಮೇಲೆ ಈಗ ಸೈಲೆನ್ಸರ್‌ಗೆ ದುಡ್ಡು ಸುರೀಬೇಡ, ಆಮೇಲೆ ಅದನ್ನ ಬಿಚ್ಚಲೇಬೇಕು. ಪೂರ್ತಿ ದುಡ್ಡು ಟರ್ಬೋಗೇ ಎತ್ತಿಡು. ನನ್ನ ಮಿಯಾಟಾ 1.8 ಲೀಟರಿನದ್ದು, ಟರ್ಬೋ ಹಾಕಿ ಮೂರು ವರ್ಷ ಆಯ್ತು, ಒಂದು ದಿನವೂ ಹಾಕಬಾರದಿತ್ತು ಅನ್ನಿಸಿಲ್ಲ.

ಹಳೇ_ಸ್ಪ್ಯಾನರ್ (ಸ್ಯಾನ್ ಹೋಸೆ)

ತಮ್ಮಾ, ಒಳ್ಳೆ ಗಾಡಿ ತಂದಿದ್ದೀಯ. ನನ್ನ ಹತ್ರ 1990ರದ್ದು ಇದೆ, 2009ರಿಂದ. ನಾನು ಭದ್ರಾವತಿಯವನು, ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ಅಳತೆ ನೋಡದೆ ಬೋಲ್ಟ್‌ಗೆ ಕೈ ಹಾಕಬಾರದು ಅಂತ ಕಲಿತ ಮನೆ. ಆದರೂ ಈ ಕಾರು ತಂದ ವರ್ಷ ನಾನು ಮಾಡಿದ್ದು ಈಗ ನೀನು ಬರೆದಿರೋದೇ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ತಂದ ಮೂರನೇ ವಾರ ಕಾಯಿಲೋವರ್ ಹಾಕಿಸಿದೆ. ಎರಡನೇ ತಿಂಗಳು ಹೈವೇ 17ರಲ್ಲಿ ಸಾಂತಾ ಕ್ರೂಜ್ ಕಡೆ ಇಳೀತಿದ್ದಾಗ ಸಿಹಿ ಸಿಹಿ ವಾಸನೆ ಬಂತು. ಗಾಡಿ ನಿಲ್ಲಿಸೋಕೆ ಜಾಗ ಹುಡುಕೋ ಹೊತ್ತಿಗೆ ಬಾನೆಟ್ ಕೆಳಗಿಂದ ಹಬೆ. ಎಂಜಿನ್ ಹಿಂದೆ ಹೀಟರ್‌ಗೆ ಹೋಗೋ ರಬ್ಬರ್ ಹೋಸ್ ಸೀಳಿತ್ತು. ಅದು ಯಾಕೆ ಸೀಳಿತು ಅನ್ನೋದು ಮುಖ್ಯ. ಈ ಎಂಜಿನ್ನಿನ ಹಿಂಬದಿ ಕ್ಯಾಮ್ ಆಂಗಲ್ ಸೆನ್ಸರ್ ಅಂತ ಒಂದಿದೆ, ಅದರೊಳಗೆ ಒಂದು ಸಣ್ಣ ಓ ರಿಂಗು, ಅಂದರೆ ಆಯಿಲ್ ತಡೆಯೋ ರಬ್ಬರ್ ಬಳೆ. ವರ್ಷಗಳು ಕಳೆದ ಹಾಗೆ ಅದು ಕಲ್ಲಿನ ಹಾಗೆ ಗಟ್ಟಿಯಾಗಿ ಆಯಿಲ್ ಜಿನುಗೋಕೆ ಶುರುವಾಗುತ್ತೆ. ಜಿನುಗಿದ ಆಯಿಲ್ ಹನಿ ಹನಿಯಾಗಿ ಬೀಳೋದು ಸರಿಯಾಗಿ ಆ ಹೋಸ್ ಮೇಲೆ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ, ಒಂದು ದಿನ ಬಿಡುತ್ತೆ. ಒಂದೆರಡು ಡಾಲರಿನ ರಿಂಗು, ಅದಕ್ಕೆ ನಾನು ತೆತ್ತದ್ದು ಎಂಜಿನ್ ಕಾದು ಹೋದ ಹೆಡ್ ಗ್ಯಾಸ್ಕೆಟ್, ಎಂಜಿನ್ ತಲೆಯ ಕೆಳಗಿನ ಸೀಲು. ಟೋ ಟ್ರಕ್ ಬರೋವರೆಗೆ ರಸ್ತೆ ಬದೀಲಿ ಕೂತು ಆ ಹೊಸ ಕಾಯಿಲೋವರ್ ನೋಡ್ತಾ ಇದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾಗಿ ನೀನು ಬೇರೇನು ಮಾಡೋದಕ್ಕೂ ಮುಂಚೆ ನೀರು ಓಡಾಡೋ ಎಲ್ಲ ಹೋಸು, ಥರ್ಮೋಸ್ಟಾಟ್, ಆ ಓ ರಿಂಗು ಬದಲಾಯಿಸು. ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪಗಿದೆಯಾ, ಕಂದು ತಿರುಗಿದೆಯಾ ನೋಡು. ಕಂದಾಗಿದ್ರೆ ಅದರ ಕಾಲ ಮುಗಿದಿದೆ, ಬಿರುಕು ಕಾಣೋವರೆಗೆ ಕಾಯಬೇಡ.

ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನ ಪಿಸ್ಟನ್ ತಾಳಕ್ಕೆ ಆಡಿಸೋ ಬೆಲ್ಟ್, 60,000 ಮೈಲಿಗೆ ಒಂದು. 2014ರ ಈಚೆಗೆ ರಸೀತಿ ಇಲ್ಲ ಅಂದರೆ ಹಾಕಿಲ್ಲ ಅಂತಲೇ ಲೆಕ್ಕ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೂ ವಾಲ್ವು ಪಿಸ್ಟನ್‌ಗೆ ಬಡಿಯಲ್ಲ, ಅದೊಂದು ಪುಣ್ಯ. ರಸ್ತೇಲಿ ನಿಲ್ತೀಯ ಅಷ್ಟೆ. ಆದರೆ ಬೆಲ್ಟ್ ಕೆಲಸಕ್ಕೆ ಕೈ ಹಾಕೋ ಮುಂಚೆ ಇವತ್ತೇ ಟಾರ್ಚ್ ಹಿಡಿದು ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡು. 1990ರಲ್ಲೂ 1991ರ ಮೊದಲ ಭಾಗದಲ್ಲೂ ಬಂದ ಕಾರುಗಳಿಗೆ ಕ್ರ್ಯಾಂಕ್‌ಶಾಫ್ಟ್‌ನ ಮೂಗು, ಅಂದರೆ ಆ ಪುಲ್ಲಿ ಕೂರೋ ಮುಂದಿನ ತುದಿ, ಗಿಡ್ಡ. ಪುಲ್ಲಿಯಲ್ಲಿ ನಾಲ್ಕು ಸೀಳಿದ್ರೆ ಗಿಡ್ಡ ಮೂಗು, ಎಂಟಿದ್ರೆ ಉದ್ದ. ನಿಂದು 1991, ಎರಡರಲ್ಲಿ ಯಾವುದೂ ಇರಬಹುದು. ಗಿಡ್ಡ ಮೂಗಿನದ್ರಲ್ಲಿ ಆ ದೊಡ್ಡ ಬೋಲ್ಟನ್ನ ಯಾರಾದ್ರೂ ಅಂದಾಜಿಗೆ ಬಿಗಿದರೆ ಪುಲ್ಲಿ ಅಲ್ಲಾಡ್ತಾ ಅಲ್ಲಾಡ್ತಾ ಕೀಲಿ ಕೂರೋ ತೋಡನ್ನೇ ತಿಂದುಹಾಕುತ್ತೆ, ಟೈಮಿಂಗ್ ಜಾರುತ್ತೆ, ಕ್ರ್ಯಾಂಕ್ ಕೆಡುತ್ತೆ. ನಂದು ಗಿಡ್ಡ ಮೂಗಿನದ್ದು. ಬೆಲ್ಟ್ ಕೆಲಸವನ್ನ ಯಾವ ಅಂಗಡಿಗೂ ಕೊಡದೆ ನಾನೇ ಮಾಡೋದು ಅದಕ್ಕೇ.

ಈಗ ನಿನ್ನ ಸಣ್ಣ ವಿಷಯಗಳು. ಟಿಕ್ ಟಿಕ್ ಸದ್ದು ವಾಲ್ವು ಒತ್ತೋ ಹೈಡ್ರಾಲಿಕ್ ಲಿಫ್ಟರ್‌ಗಳದ್ದೇ ಇರಬೇಕು, 1.6ಕ್ಕೆ ಮಾಮೂಲು, ಆಯಿಲ್ ಬದಲಾಯಿಸಿ ಬಿಸಿಯಾಗೋ ಹಾಗೆ ಓಡಿಸಿದ್ರೆ ಬಹಳಷ್ಟು ಸಲ ಇಳಿಯುತ್ತೆ. ಕ್ಲಚ್ ಸಣ್ಣ ವಿಷಯ ಅಲ್ಲ. ಪೆಡಲ್ ಒತ್ತಿದ್ದನ್ನ ಎಣ್ಣೆಯ ಒತ್ತಡದಿಂದ ಕ್ಲಚ್ಚಿಗೆ ಮುಟ್ಟಿಸೋ ಸ್ಲೇವ್ ಸಿಲಿಂಡರ್ ಸೋರ್ತಿದೆ. ಗೇರ್‌ಬಾಕ್ಸ್ ಪಕ್ಕ ಹೊರಗಡೆಯೇ ಇದೆ, ಒಂದು ಮಧ್ಯಾಹ್ನದ ಕೆಲಸ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರೂ ಜೊತೆಗೇ ಹಾಕಿಬಿಡು, ಒಂದು ಹೋದ ಮೇಲೆ ಇನ್ನೊಂದು ಹಿಂದೆಯೇ ಹೋಗುತ್ತೆ.

ಒದ್ದೆ ಕಾರ್ಪೆಟ್ ಓದಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಆದದ್ದು. ಬಟ್ಟೆ ಟಾಪಿನ ನೀರು ಸೀಟ್ ಹಿಂದಿನ ಎರಡು ಮೂಲೆಯ ಕೊಳವೆಗಳಿಂದ ಕೆಳಗಿಳಿಯಬೇಕು. ಎಲೆ, ಮಣ್ಣು ಕಟ್ಟಿಕೊಂಡ್ರೆ ನೀರು ಒಳಗೇ ನಿಂತು ಹಿಂದಿನ ಚಕ್ರದ ಮುಂದಿನ ಸಿಲ್ ಭಾಗ (ಬಾಗಿಲ ಕೆಳಗಿನ ಪಟ್ಟಿ) ಒಳಗಿಂದ ತುಕ್ಕು ಹಿಡಿಯುತ್ತೆ. ಹೊರಗೆ ಬಣ್ಣ ಉಬ್ಬಿ ಕಾಣೋ ಹೊತ್ತಿಗೆ ಒಳಗೆ ಏನೂ ಉಳಿದಿರಲ್ಲ. ಎಂಜಿನ್ ಬೇರೆ ತರಬಹುದು, ತುಕ್ಕು ತಿಂದ ಬಾಡಿಗೆ ಏನು ಮಾಡ್ತೀಯ? ಇವತ್ತು ಸಂಜೆಯೇ ಮೆತ್ತನೆ ಪ್ಲಾಸ್ಟಿಕ್ ಟ್ಯೂಬ್ ಇಳಿಸಿ ಕ್ಲೀನ್ ಮಾಡು, ಒಂದು ಚೊಂಬು ನೀರು ಹಾಕಿ ಕೆಳಗೆ ಬರುತ್ತಾ ನೋಡು. ಹಾಗೇ ಡಿಕ್ಕಿಯಲ್ಲಿರೋ ಬ್ಯಾಟರಿ ಸೀಲ್ ಆಗಿರೋ ಎಜಿಎಮ್ ತರಹದ್ದಾ, ಅದರ ಗಾಳಿ ಹೊರಗೆ ಹೋಗೋ ಟ್ಯೂಬ್ ಇದೆಯಾ ನೋಡು. ಸಾಧಾರಣ ಬ್ಯಾಟರಿ ಇಟ್ಟಿದ್ರೆ ಆಸಿಡ್ ಆವಿಗೆ ಡಿಕ್ಕಿಯ ತಳ ಹೋಗುತ್ತೆ.

ಇಷ್ಟಾದ ಮೇಲೆ ಟೈರು. ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದು, ಮೊದಲೆರಡು ವಾರ, ಆಮೇಲಿನೆರಡು ವರ್ಷ. ಕಚ್ಚು ಎಷ್ಟೇ ಇರಲಿ, ಹಳತಾಗಿದ್ರೆ ತೆಗೆದುಹಾಕು. 185/60 ಅಳತೆಯ 14 ಇಂಚಿನ ಹೊಸ ಟೈರು, ನಾಲ್ಕೂ ಕಡೆ ಒಳ್ಳೆ ಶಾಕ್, ಹೊಸ ಬುಷ್. ನಾಲ್ಕು ಚಕ್ರಕ್ಕೂ ಡಬಲ್ ವಿಷ್‌ಬೋನ್ (ಮೇಲೊಂದು ಕೆಳಗೊಂದು ತೋಳಿನ ಸಸ್ಪೆನ್ಷನ್) ಇರೋ ಕಾರು ಇದು, ಕ್ಯಾಂಬರ್ ಟೋ, ಅಂದರೆ ಚಕ್ರದ ವಾಲು ಮತ್ತು ದಿಕ್ಕು, ಎರಡನ್ನೂ ನಾಲ್ಕೂ ಮೂಲೆಯಲ್ಲಿ ತಿದ್ದಬಹುದು. ಅಲೈನ್‌ಮೆಂಟ್ ಚೆನ್ನಾಗಿ ಮಾಡೋರ ಹತ್ರ ಹೋಗು, ಕಂಪ್ಯೂಟರ್ ಹಾಳೆ ಕೇಳಿ ತಗೊ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಬೇಗ ಸಾರಾಟೋಗಾದಿಂದ ಹೈವೇ 9 ಹತ್ತಿ ಸ್ಕೈಲೈನ್ ರಸ್ತೆಗೆ ಸೇರಿಕೊ. 1989ರ ಫೆಬ್ರವರಿಯಲ್ಲಿ ಶಿಕಾಗೋ ಷೋನಲ್ಲಿ ಇದನ್ನ ತೋರಿಸಿದಾಗ ಜನ ಯಾಕೆ ಮುಗಿಬಿದ್ದರು ಅಂತ ಕೈಗೇ ಗೊತ್ತಾಗುತ್ತೆ. 116 ಕುದುರೆ ಅಷ್ಟೆ, ಗಾಡಿ ತೂಕ ಒಂದು ಟನ್ನಿನ ಆಸುಪಾಸು. ಜಪಾನಿನವರು ಇದಕ್ಕೆ ಜಿಂಬಾ ಇತ್ತಾಯ್ ಅಂತಾರೆ, ಕುದುರೆ ಸವಾರ ಒಂದೇ ಅಂತ. ಒಂದು ವರ್ಷ ಹಾಗೇ ಓಡಿಸು. ಆಮೇಲೆ ಏನು ಕಡಿಮೆ ಅನ್ನಿಸುತ್ತೋ ಅದನ್ನ ಮಾಡು.

ತಗ್ಗಿಸೋದಾದ್ರೆ ಸ್ವಲ್ಪವೇ ತಗ್ಗಿಸು. ಈ ಕಾರಿನ ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡೋಕೆ ಮೊದಲೇ ಜಾಗ ಕಡಿಮೆ, ಬಹಳ ಇಳಿಸಿದ್ರೆ ಕೊನೆಗೆ ತಡೆಯೋ ರಬ್ಬರ್ ಬಂಪ್‌ಸ್ಟಾಪ್ ಮೇಲೇ ಕೂತು ಓಡುತ್ತೆ. ಸ್ಟೀರಿಂಗ್ ಮುಟ್ಟಬೇಡ. ಅಮೆರಿಕಾದ 1991ರ ಕಾರಿಗೆ ಡ್ರೈವರ್ ಏರ್‌ಬ್ಯಾಗ್ ಇದೆ, ಚಿಕ್ಕ ಸ್ಟೀರಿಂಗ್ ಹಾಕಿದ್ರೆ ಅದು ಹೋಯ್ತು. ಏನು ಬಿಚ್ಚಿದ್ರೂ ಹಳೇ ಭಾಗ ಎಸೀಬೇಡ, ಹೆಸರು ಬರೆದು ಡಬ್ಬದಲ್ಲಿಡು.

ಟರ್ಬೋ ಬಗ್ಗೆ ಮೇಲಿನವರು ಹೇಳಿದ್ದು ಅವರ 1.8ಕ್ಕೆ ಸರಿ. 1.6ರ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಹಲ್ಲಿನ ಡಬ್ಬ) ಚಿಕ್ಕದು, ಶಕ್ತಿ ಹೆಚ್ಚಿದ್ರೆ ಹಲ್ಲು ಬಿಡುತ್ತೆ, ಬ್ರೇಕೂ ಚಿಕ್ಕದು. ಇದು ಮೂಲತಃ ಮುಂದಿನ ಚಕ್ರ ಎಳೆಯೋ ಕಾರಿಗೆ ಅಡ್ಡಲಾಗಿ ಕೂರಿಸೋಕೆ ಮಾಡಿದ ಎಂಜಿನ್. ಇಲ್ಲಿ ಉದ್ದಕ್ಕೆ ತಿರುಗಿಸಿ, ನೀರು ಹೊರಬರೋ ಬಾಯಿಯನ್ನ ಮುಂದಕ್ಕೆ ತಂದರು, ಅದರಿಂದ ಹಿಂದಿನ ನಾಲ್ಕನೇ ಸಿಲಿಂಡರ್‌ಗೆ ತಂಪು ಕಡಿಮೆ. ಇಷ್ಟನ್ನೂ ಸರಿಮಾಡದೆ ಟರ್ಬೋ ಕೂರಿಸೋದು ನನಗೆ ಒಪ್ಪಿಗೆ ಇಲ್ಲ.

ಹುಬ್ಬಳ್ಳಿ_ಮಂದಿ (ಸ್ಯಾಕ್ರಮೆಂಟೊ)

ಅಣ್ಣಾರು ಹೇಳಿದ್ದು ಖರೇ ಐತ್ರಿ. ಒಂದ್ ಮಾತು ಕೂಡಸ್ತೀನಿ. ನೀವು ಕ್ಯಾಲಿಫೋರ್ನಿಯಾದಾಗ ಇದ್ದೀರಿ, ಎರಡ ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್ (ಹೊಗಿ ತಪಾಸಣಿ) ತಪ್ಪಂಗಿಲ್ಲ. ಹೊಗಿ ಅಷ್ಟ ನೋಡಂಗಿಲ್ರಿ, ಬಾನೆಟ್ ತಗದು ಒಂದೊಂದ ಭಾಗ ನೋಡ್ತಾರ. ಕಂಪನಿದಲ್ಲದ ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಎಳಿಯೂ ಭಾಗ) ಹಾಕಿದ್ರ ಅದರ ಮ್ಯಾಲ ಕಾರ್ಬ್ ಇಒ ನಂಬರ್, ಅಂದ್ರ ಕ್ಯಾಲಿಫೋರ್ನಿಯಾದ ಗಾಳಿ ಮಂಡಳಿ ಒಪ್ಪಿಗಿ ನಂಬರ್, ಇರಬೇಕು, ಆ ನಂಬರ್ ನಿಮ್ಮ ಮಾಡೆಲ್ಲಿಗೇ ಕೊಟ್ಟಿದ್ದಿರಬೇಕು. ಕೊಳ್ಳೂಕಿಂತ ಮದ್ಲ ಕೇಳ್ರಿ. ಇಗ್ನಿಷನ್ ಟೈಮಿಂಗ್, ಅಂದ್ರ ಪ್ಲಗ್ ಕಿಡಿ ಹಾರೂ ಹೊತ್ತು, 10 ಡಿಗ್ರಿಯಿಂದ 14ಕ್ಕ ಏರಿಸಿದ್ರ ಗಾಡಿ ಚುರುಕಾಗತೈತಿ ಅಂತ ಎಲ್ಲಾರೂ ಹೇಳ್ತಾರ, ಆಗತೈತಿ ಖರೇ, ಆದ್ರ ಟೆಸ್ಟಿನಾಗ ಟೈಮಿಂಗೂ ನೋಡ್ತಾರ. ವಾಪಸ್ 10ಕ್ಕ ತಂದು ಹೋಗ್ರಿ.

ಮುಂದ ಥಂಡರ್‌ಹಿಲ್ಲಿಗೋ ಲಗುನಾ ಸೆಕಾಕ್ಕೋ, ಅಂದ್ರ ರೇಸ್ ಟ್ರ್ಯಾಕಿಗೆ, ಬರೂ ಮನಸಿದ್ರ ರೋಲ್ ಬಾರ್ (ಗಾಡಿ ಮಗಚಿದ್ರ ತಲಿ ಉಳಸೂ ಉಕ್ಕಿನ ಕಮಾನು) ಮದ್ಲ ಹಾಕಸ್ರಿ. ಟಾಪ್ ಇಲ್ಲದ ಗಾಡಿಗೆ ಅದಿಲ್ಲದ ಬಹಳಷ್ಟು ಕಡೆ ಒಳಗ ಬಿಡಂಗಿಲ್ಲ. ಲಗುನಾ ಸೆಕಾದಾಗ ಸದ್ದಿಗೂ ಮಿತಿ ಐತಿ, ಸೈಲೆನ್ಸರ್ ಆರಸೂವಾಗ ನೆನಪಿರಲಿ.

ಹಾಸನದ_ಹುಡುಗ (ಸನ್ನಿವೇಲ್)

ಎಲ್ಲರಿಗೂ ತುಂಬಾ ಧನ್ಯವಾದ. ನೆನ್ನೆ ಸಂಜೆ ಟಾರ್ಚ್ ಹಿಡಿದು ಕೂತೆ. ಪುಲ್ಲಿಯಲ್ಲಿ ಎಂಟು ಸೀಳು, ಎರಡು ಸಲ ಎಣಿಸಿದೆ. ಎಡಗಡೆ ಕೊಳವೆಯಿಂದ ಒಂದು ಹಿಡಿ ಪೈನ್ ಎಲೆ ಬಂತು, ಅದಾದ ಮೇಲೆ ಚೊಂಬಿನ ನೀರು ಸರಾಗವಾಗಿ ಇಳೀತು. ಸಿಲ್ ಮೇಲೆ ಬೆರಳಲ್ಲಿ ತಟ್ಟಿ ನೋಡಿದೆ, ಎಲ್ಲೂ ಟೊಳ್ಳು ಸದ್ದಿಲ್ಲ. ಟೈರು 2311, ಅಂದ್ರೆ 2011ರದ್ದು! ರೇಡಿಯೇಟರ್ ಮೇಲ್ಭಾಗ ಕಾಫಿ ಬಣ್ಣ. ಎಂಜಿನ್ ಹಿಂದೆ ಕೈ ಹಾಕಿದ್ರೆ ಹೋಸ್ ಜಿಡ್ಡಾಗಿದೆ, ಒತ್ತಿದ್ರೆ ಮೆತ್ತಗೆ ಒಳಗೆ ಹೋಗುತ್ತೆ. ಅಲ್ಲಿಂದ ಗಾಡಿ ಹೊರಗೆ ತೆಗೆದಿಲ್ಲ. ಕಾಯಿಲೋವರ್ ಆರ್ಡರ್ ಕ್ಯಾನ್ಸಲ್ ಮಾಡಿದೆ.

ಅಣ್ಣಾ, ಬೆಲ್ಟ್ ನಾನೇ ಹಾಕಬಹುದಾ? ಈವರೆಗೆ ಬೈಕಿನ ಚೈನ್ ಬಿಟ್ಟು ಬೇರೇನೂ ಬಿಚ್ಚಿಲ್ಲ.

ಹಳೇ_ಸ್ಪ್ಯಾನರ್ (ಸ್ಯಾನ್ ಹೋಸೆ)

ಹಾಕಬಹುದು. ಬೆಲ್ಟ್, ವಾಟರ್ ಪಂಪ್, ಟೆನ್ಷನರ್, ಮುಂದಿನ ಆಯಿಲ್ ಸೀಲುಗಳು, ಹೋಸುಗಳ ಪೂರ್ತಿ ಸೆಟ್, ರೇಡಿಯೇಟರ್ ಎಲ್ಲಾ ಒಟ್ಟಿಗೆ ತರಿಸು, ಹೇಗಿದ್ರೂ ಒಂದೇ ಸಲ ಬಿಚ್ಚೋದು. ಬಂದ ಮೇಲೆ ಇಲ್ಲೇ ಹೇಳು, ಶನಿವಾರ ಬೆಳಿಗ್ಗೆ ಏಳಕ್ಕೆ ನಾನು ಬರ್ತೀನಿ. ಟಾರ್ಕ್ ರೆಂಚು, ಜ್ಯಾಕ್ ಸ್ಟ್ಯಾಂಡು ನನ್ನ ಹತ್ರ ಇದೆ. ಬಿಚ್ಚಿದ ಬೋಲ್ಟ್ ಹಾಕಿಡೋಕೆ ನಾಲ್ಕೈದು ಖಾಲಿ ಡಬ್ಬ ಮಾತ್ರ ನೀನು ಜೋಡಿಸಿಡು.