ಕಿರಣನ ಸೈಕಲ್ಲು, ದೊಡ್ಡಪ್ಪನ ಲೆಕ್ಕ

ಕಿರಣ: [ಫೋಟೊ: ವ್ಯಾಯಾಮದ ಸೈಕಲ್ಲಿನ ಪರದೆ. 30 ನಿಮಿಷ, ಸರಾಸರಿ 150 ವ್ಯಾಟ್, 270 ಕಿಲೋಜೂಲ್, 270 ಕಿಲೋಕ್ಯಾಲೊರಿ]
ಕಿರಣ: ಇವತ್ತಿನ ಕೋಟಾ ಮುಗೀತು 💪

ದೊಡ್ಡಪ್ಪ: ಈ ಮಷೀನು ಶುದ್ಧ ಸುಳ್ಳು. ಒಂದು ಕಿಲೋಕ್ಯಾಲೊರಿ ಅಂದ್ರೆ 4.184 ಕಿಲೋಜೂಲ್. 270ನ್ನ ಭಾಗಿಸು, 64 ಚಿಲ್ಲರೆ ಬರುತ್ತೆ. ನಾಲ್ಕು ಪಟ್ಟು ಏರಿಸಿ ತೋರಿಸ್ತಿದೆ, ತುಳಿಯೋನಿಗೆ ಖುಷಿಯಾಗ್ಲಿ ಅಂತ.

ಶುಭಾ ಅತ್ತೆ: ನಾನು ಅವತ್ತೇ ಹೇಳಿದ್ದೆ 😀

ವಿದ್ಯಾ: ದೊಡ್ಡಪ್ಪ, ಭಾಗಾಕಾರ ಸರಿಯಾಗೇ ಇದೆ. ಆದ್ರೆ ಆ 270 ಕಿಲೋಜೂಲ್ ಪೆಡಲಿಗೆ ಮುಟ್ಟಿದ ಕೆಲಸ ಅಷ್ಟೇ. ಮೈ ಖರ್ಚು ಮಾಡಿದ್ದು ಅದರ ನಾಲ್ಕು ಪಟ್ಟು. ಸೈಕಲ್ ತುಳಿಯುವಾಗ ದಕ್ಷತೆ ಶೇ. 20–25ರ ಆಸುಪಾಸು, ಮಿಕ್ಕಿದ್ದೆಲ್ಲ ಶಾಖ. ಕಿರಣನ ಬನಿಯನ್ ಹಿಂಡಿ ನೋಡಿ, ಗೊತ್ತಾಗುತ್ತೆ. ನಾಲ್ಕರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದ್ರೆ ಅದೇ ಅಂಕಿ ವಾಪಸ್ ಬರುತ್ತಲ್ಲ!

ದೊಡ್ಡಪ್ಪ: ಸರಿ ಕಣಮ್ಮ, ಇವನ ದಕ್ಷತೆ ಇಷ್ಟೇ ಅಂತ ಮಷೀನಿಗೆ ಹೇಳಿದೋರು ಯಾರು? ಮೈಯೊಳಗೆ ಇಣುಕಿತ್ತಾ?

ವಿದ್ಯಾ: ಇಲ್ಲ, ಅದು ಅಂದಾಜೇ. ನಿಜವಾಗಿ ಅಳೀಬೇಕಂದ್ರೆ ಮೂಗು-ಬಾಯಿ ಮುಚ್ಚೋ ಮಾಸ್ಕ್ ಹಾಕಿ ಉಸಿರನ್ನೇ ಅಳೀಬೇಕು. ಒಂದು ಲೀಟರ್ ಆಮ್ಲಜನಕ ಬಳಸಿದ್ರೆ ಸುಮಾರು 20 ಕಿಲೋಜೂಲ್. ಕೊಬ್ಬು ಉರಿದ್ರೆ ಸ್ವಲ್ಪ ಕಮ್ಮಿ, ಕಾರ್ಬೋಹೈಡ್ರೇಟ್ ಉರಿದ್ರೆ 21. ಯಾವುದು ಉರೀತಿದೆ ಅಂತ ಹೊರಬಿಟ್ಟ ಕಾರ್ಬನ್ ಡೈಆಕ್ಸೈಡಿಂದ ತಿಳಿಯುತ್ತೆ. 1911ರಲ್ಲೇ ಡಗ್ಲಸ್ ಅನ್ನೋರು ಬಿಟ್ಟ ಉಸಿರನ್ನೆಲ್ಲ ಚೀಲದಲ್ಲಿ ಹಿಡಿದು ಅಳೆಯೋ ವಿಧಾನ ಪ್ರಕಟಿಸಿದ್ರು. ಒಂದೇ ಹದದಲ್ಲಿ ತುಳೀತಿರಬೇಕು, ಏದುಸಿರು ಬರೋಷ್ಟು ಜೋರಾದ್ರೆ ಈ ಲೆಕ್ಕ ಕೆಡುತ್ತೆ.

ಕಿರಣ: ನನ್ನ ವಾಚು 340 ಅಂತಿದೆ. ನಾನು ಅದನ್ನೇ ನಂಬ್ತೀನಿ 😎

ವಿದ್ಯಾ: ವಾಚಿಗೆ ಗೊತ್ತಿರೋದು ನಿನ್ನ ಎದೆಬಡಿತ, ವಯಸ್ಸು, ತೂಕ. ಪೆಡಲ್ ಎಷ್ಟು ಬಿಗಿ ಇತ್ತು ಅಂತ ಅದಕ್ಕೇನು ಗೊತ್ತು? ಸೆಖೆಗೂ ಎದೆಬಡಿತ ಏರುತ್ತೆ.

ಮಂಜು ಮಾವ: ಒಂದು ನಿಮಿಷ. ಸುಮ್ಮನೆ ಕೂತಿದ್ರೂ ಅರ್ಧ ಗಂಟೇಲಿ 36ರಷ್ಟು ಕಿಲೋಕ್ಯಾಲೊರಿ ಹೋಗೇ ಹೋಗುತ್ತೆ. ಅದನ್ನ ಸೈಕಲ್ ಖಾತೆಗೆ ಯಾಕೆ ಬರೀತೀರಿ? ಕಳೀರಿ, 234 ಉಳಿಯುತ್ತೆ. ಪೆಡಲಿಗೆ ಮುಟ್ಟಿದ 64ನ್ನ 270ರ ಬದಲು ಇದರಿಂದ ಭಾಗಿಸಿದ್ರೆ ದಕ್ಷತೆ ಶೇ. 24 ಹೋಗಿ 27ರ ಮೇಲಾಯ್ತು.

ದೊಡ್ಡಪ್ಪ: ಇದೊಳ್ಳೆ ಕಥೆ! ಮೈ ಅದೇ, ಬೆವರು ಅದೇ, ಪೆನ್ನಿನ ತುದೀಲಿ ದಕ್ಷತೆ ಏರಿಸ್ತೀಯಾ?

ವಿದ್ಯಾ: ಎರಡೂ ಚಾಲ್ತಿಯಲ್ಲಿವೆ ದೊಡ್ಡಪ್ಪ, ಕಳೀದಿದ್ರೆ ಗ್ರಾಸ್, ಕಳೆದ್ರೆ ನೆಟ್. ಯಾವುದು ಅಂತ ಹೇಳದೆ ಬರೀ ಶೇಕಡಾ ಒದರೋರನ್ನ ಮಾತ್ರ ನಂಬಬೇಡಿ.

ಶುಭಾ ಅತ್ತೆ: ನನ್ನ ಟ್ರೆಡ್‌ಮಿಲ್ ನಡಿಗೆಗೆ ಎಷ್ಟು ಶೇಕಡಾ?

ವಿದ್ಯಾ: ಸಮತಟ್ಟಾಗಿದ್ರೆ ಹೇಳೋದು ಕಷ್ಟ ಅತ್ತೆ. ಪ್ರತಿ ಹೆಜ್ಜೇಲೂ ಮೈ ಒಂಚೂರು ಏರಿ ಇಳಿಯುತ್ತೆ, ಕೊನೆಗೆ ಇದ್ದಲ್ಲೇ ಇರ್ತೀರಿ. ಹೊರಗೆ ಕೆಲಸ ಅಂತ ಉಳಿಯೋದು ಹೆಚ್ಚುಕಮ್ಮಿ ಸೊನ್ನೆ. ಅದಕ್ಕೇ ನಡಿಗೆಗೆ ಕಿಲೋಮೀಟರಿಗೆ ಎಷ್ಟು ಆಮ್ಲಜನಕ ಅಂತ ಲೆಕ್ಕ ಹಾಕ್ತಾರೆ.

ಶುಭಾ ಅತ್ತೆ: ಮುಕ್ಕಾಲು ಗಂಟೆ ನಡೆದಿದ್ದೀನಿ. ಸೊನ್ನೆಯಾ?

ದೊಡ್ಡಪ್ಪ: ಭೌತಶಾಸ್ತ್ರದ ಪ್ರಕಾರ ಹೌದು 😂

ಶುಭಾ ಅತ್ತೆ: ಭಾವ, ನೀವು ಒಂದ್ಸಲ ಹತ್ತಿ ನೋಡಿ. ಆಮೇಲೆ ಶಾಸ್ತ್ರ ಹೇಳೋರಂತೆ.