ಬೆಣ್ಣೆ ದೋಸೆ ಹೋಟೆಲಿನ ಗ್ರೀಸ್ ಟ್ರ್ಯಾಪ್ ನಾಲ್ಕೇ ದಿನಕ್ಕೆ ತುಂಬುತ್ತಿದೆ, ಏನು ಮಾಡಲಿ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಸಣ್ಣ ಬೆಣ್ಣೆ ದೋಸೆ ಹೋಟೆಲು. ಪಾತ್ರೆ ತೊಳೆಯಲು ಎರಡು ಸಿಂಕ್, ಕೆಳಗೆ 40 ಲೀಟರಿನ ಸ್ಟೀಲ್ ಗ್ರೀಸ್ ಟ್ರ್ಯಾಪ್. ಕ್ಲೀನ್ ಮಾಡಿಸಿದ ನಾಲ್ಕನೇ ದಿನಕ್ಕೇ ಸಿಂಕಿನಲ್ಲಿ ನೀರು ನಿಲ್ಲುತ್ತದೆ. ಗಿರಾಕಿಗಳು ಕೂರುವ ಕಡೆಗೂ ನಾತ ಬರುತ್ತದೆ. ರಾತ್ರಿ ಕುದಿಯುವ ನೀರು ಸುರಿದರೆ ಸಲೀಸಾಗಿ ಹೋಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಈಗ ಹೊರಗಿನ ಚೇಂಬರ್ ಕೂಡ ಕಟ್ಟಿಕೊಂಡಿದೆ. ಜಿಡ್ಡು ತಿನ್ನುವ ಪುಡಿ ಹಾಕಿದರೆ ಕ್ಲೀನ್ ಮಾಡುವುದೇ ಬೇಡ ಅಂತ ಒಬ್ಬರು ಹೇಳಿದರು. ನಿಜಾನಾ ಅಣ್ಣ?

ಉತ್ತರ (ಹೋಟೆಲ್ ಪ್ಲಂಬಿಂಗ್ ಕೆಲಸ ಮಾಡುವವರು): ಅಕ್ಕ, ಇವತ್ತಿನಿಂದಲೇ ಆ ಕುದಿಯುವ ನೀರು ನಿಲ್ಲಿಸಿ. ಹೊರಗಿನ ಚೇಂಬರ್ ಕಟ್ಟಿದ್ದಕ್ಕೆ ಅದೇ ಕಾರಣ ಅಂತ ನನಗನ್ನಿಸುತ್ತದೆ.

ಗ್ರೀಸ್ ಟ್ರ್ಯಾಪ್ ಅಂದರೆ ನಿಂತ ನೀರಿನ ಒಂದು ಪೆಟ್ಟಿಗೆ, ಅಷ್ಟೇ. ಬಂದ ನೀರು ಒಳಗೆ ಸ್ವಲ್ಪ ಹೊತ್ತು ತಣ್ಣಗೆ ನಿಲ್ಲಬೇಕು. ಆಗ ಜಿಡ್ಡು ಮೇಲೆ ತೇಲುತ್ತದೆ, ಹಿಟ್ಟು, ಅಗುಳು ತಳ ಸೇರುತ್ತವೆ. ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಬೆಣ್ಣೆ 35 ಡಿಗ್ರಿ ಆಸುಪಾಸಿನಲ್ಲೇ ಕರಗಿಬಿಡುತ್ತದೆ. ನೀವು ಕುದಿಯುವ ನೀರು ಸುರಿದಾಗ, ಟ್ರ್ಯಾಪ್ ನಾಲ್ಕು ದಿನ ಕಷ್ಟಪಟ್ಟು ಹಿಡಿದಿಟ್ಟ ಜಿಡ್ಡೆಲ್ಲ ಕರಗಿ ಪೈಪಿಗೆ ಹೋಯಿತು. ಹತ್ತು ಅಡಿ ಆಚೆ ಪೈಪು ತಣ್ಣಗಿರುತ್ತದೆ, ಅಲ್ಲಿ ಹೆಪ್ಪುಗಟ್ಟಿತು. ಚಳಿಗಾಲದಲ್ಲಿ ತುಪ್ಪದ ಡಬ್ಬಿ ಹೇಗಿರುತ್ತೆ ನೋಡಿದ್ದೀರಲ್ವಾ? ಪೈಪಿನೊಳಗೂ ಹಾಗೇ.

ಪುಡಿಯ ಮಾತು ನಂಬಬೇಡಿ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಜಿಡ್ಡು ತಿನ್ನುವುದು ನಿಜ, ಆದರೆ ಅವಕ್ಕೆ ತುಂಬಾ ಹೊತ್ತು ಬೇಕು. ದಿನವಿಡೀ ನೀರು ಹರಿಯುವ 40 ಲೀಟರಿನ ಪೆಟ್ಟಿಗೆಯಲ್ಲಿ ಆ ಹೊತ್ತು ಸಿಗಲ್ಲ. ಮೇಲಿಂದ ಬ್ಲೀಚ್, ಫಿನಾಯಿಲ್ ಬಿದ್ದರೆ ಅವೂ ಸತ್ತುಹೋಗುತ್ತವೆ. ಇನ್ನು ಆ್ಯಸಿಡ್, ಕಾಸ್ಟಿಕ್ ಸೋಡಾ ಬೇಡವೇ ಬೇಡ. ಪೈಪೂ ಹಾಳು, ಕೈಯೂ ಸುಡುತ್ತದೆ. ಟ್ರ್ಯಾಪ್ ಜಿಡ್ಡನ್ನು ಹಿಡಿಯುತ್ತದೆಯೇ ಹೊರತು ಕರಗಿಸುವುದಿಲ್ಲ. ಹಿಡಿದದ್ದನ್ನು ನಾವೇ ತೆಗೆಯಬೇಕು.

ಒಂದು ಲೆಕ್ಕ ಹಾಕಿ. ನಿಮ್ಮ ಸಿಂಕ್ 60 ಸೆಂ.ಮೀ. ಉದ್ದ, 45 ಅಗಲ, 30 ಆಳ ಅಂದುಕೊಳ್ಳೋಣ. ತುಂಬಿದರೆ 81 ಲೀಟರ್. ಬಿರಡೆ ಎಳೆದರೆ ಒಂದೆರಡು ನಿಮಿಷದಲ್ಲಿ ಖಾಲಿ. ಅಷ್ಟರಲ್ಲಿ ಟ್ರ್ಯಾಪಿನ ನೀರು ಎರಡು ಸಲ ಪೂರ್ತಿ ಬದಲಾಗಿರುತ್ತದೆ. ಎರಡೂ ಸಿಂಕ್ ಒಟ್ಟಿಗೆ ಬಿಟ್ಟರಂತೂ ಕೇಳುವುದೇ ಬೇಡ. ಜಿಡ್ಡು ಮೇಲೇಳಲು ಪುರುಸೊತ್ತೆಲ್ಲಿ? ಬೆಣ್ಣೆ ದೋಸೆಯ ಹೋಟೆಲಿಗೆ ಈ ಟ್ರ್ಯಾಪ್ ಚಿಕ್ಕದು. ದೊಡ್ಡದು ಹಾಕಿಸುವ ತನಕ ಒಂದು ಸಲಕ್ಕೆ ಒಂದೇ ಸಿಂಕ್ ಬಿಡಿ.

ಕ್ಲೀನಿಂಗ್ ಬೆಳಿಗ್ಗೆ ಬೇಗ, ವ್ಯಾಪಾರ ಶುರುವಾಗುವ ಮೊದಲು ಮಾಡಿಸಿ. ರಾತ್ರಿಯೆಲ್ಲ ನಿಂತು ಜಿಡ್ಡು ಗಟ್ಟಿಯಾಗಿರುತ್ತದೆ, ತೂತಿನ ಸೌಟಿನಲ್ಲಿ ಮೊಸರಿನ ಕೆನೆಯ ಹಾಗೆ ಎತ್ತಬಹುದು. ಆಮೇಲೆ ಮಗ್ಗಿನಲ್ಲಿ ನೀರು ತೋಡಿ, ತಳದ ಕೆಸರು ತೆಗೆಯಿರಿ. ದೋಸೆ ಹಿಟ್ಟು ತಳದಲ್ಲಿ ಕೂತು ಕೊಳೆಯುವುದೇ ನಿಮ್ಮ ನಾತದ ಮೂಲ. ಒಳಗಿನ ತಡೆ ತಗಡುಗಳನ್ನು ಬಿಚ್ಚಿ ಕೆರೆದು ತೊಳೆಯಿರಿ, ವಾಪಸ್ ಹಾಕುವುದನ್ನು ಮರೆಯಬೇಡಿ. ಒಂದು ಹೋಟೆಲಿನಲ್ಲಿ ನಾನು ಮುಚ್ಚಳ ತೆಗೆದಾಗ ಆ ತಗಡು ಗೋಡೆಗೆ ಒರಗಿಸಿಟ್ಟಿತ್ತು. ಅಡ್ಡ ಬರುತ್ತದೆ ಅಂತ ಯಾರೋ ತೆಗೆದಿದ್ದರು. ಹೊರಹೋಗುವ ಪೈಪಿನ ಬಾಯಿಯಲ್ಲಿ ಹಳದಿ ಜಿಡ್ಡು ಸುತ್ತ ಕಟ್ಟಿ, ಹೆಬ್ಬೆರಳು ಹೋಗುವಷ್ಟು ತೂತು ಮಾತ್ರ ಉಳಿದಿತ್ತು.

ಕೊನೆಗೆ ಟ್ರ್ಯಾಪಿಗೆ ತಣ್ಣೀರು ತುಂಬಿಸಿ, ಆಮೇಲೆ ಮುಚ್ಚಿ. ಬಹಳ ಜನ ಇಲ್ಲೇ ತಪ್ಪುತ್ತಾರೆ. ಖಾಲಿ ಬಿಟ್ಟರೆ ನೀರು ತುಂಬುವ ತನಕ ಅದು ಸರಿಯಾಗಿ ಕೆಲಸ ಮಾಡಲ್ಲ, ಪೈಪಿನ ನಾತವೂ ಒಳಗೆ ಬರುತ್ತದೆ. ಮುಚ್ಚಳದ ರಬ್ಬರ್ ಒಡೆದಿದ್ದರೆ ಬದಲಾಯಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನಮ್ಮದು ಕಲ್ಯಾಣ ಮಂಟಪ. ಟ್ರ್ಯಾಪ್ ನೆಲದೊಳಗಿದೆ, ಆರು ಅಡಿ ಆಳ. ಒಬ್ಬರನ್ನು ಇಳಿಸಿ ತೆಗೆಸಬಹುದಾ?

ಉತ್ತರ: ದಯವಿಟ್ಟು ಬೇಡ. ಯಾರನ್ನೂ ಇಳಿಸಬೇಡಿ, ಹತ್ತು ನಿಮಿಷಕ್ಕೂ ಬೇಡ. ಕೊಳೆತ ಜಿಡ್ಡಿನಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗಲ್ಲ. ನಾತ ಕಡಿಮೆಯಾಯಿತು ಅಂತ ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಹೀಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ನಿಮ್ಮ ಟ್ಯಾಂಕಿನ ಅಪಾಯವೂ ಅದೇ. ಸಕ್ಕಿಂಗ್ ಲಾರಿ ಕರೆಸಿ, ಮೇಲಿಂದಲೇ ಎಳೆಸಿ. ಸಾವಿರಾರು ಜನರ ಮದುವೆ ಊಟಕ್ಕೆ ಅದರ ಖರ್ಚು ದೊಡ್ಡದಲ್ಲ.

ಪ್ರಶ್ನೆ (ದಾವಣಗೆರೆ): ಥ್ಯಾಂಕ್ಸ್ ಅಣ್ಣ. ಎಷ್ಟು ದಿನಕ್ಕೊಮ್ಮೆ ತೆಗೆಸಬೇಕು? ತೆಗೆದದ್ದನ್ನು ಎಲ್ಲಿ ಹಾಕುವುದು?

ಉತ್ತರ: ದಿನದ ಲೆಕ್ಕಕ್ಕಿಂತ ಟ್ರ್ಯಾಪಿಗೆ ಕೋಲು ಇಳಿಸಿ ಅಳೆಯುವ ಲೆಕ್ಕ ಒಳ್ಳೆಯದು ಅಕ್ಕ. ಮೇಲಿನ ಜಿಡ್ಡು, ತಳದ ಕೆಸರು ಎರಡೂ ಸೇರಿ ನೀರಿನ ಆಳದ ಕಾಲು ಭಾಗ ಆದರೆ ತೆಗೆಯಬೇಕು. ಆಳ 30 ಸೆಂ.ಮೀ. ಇದ್ದರೆ ಏಳೂವರೆ ಆಗುವ ತನಕ. ನಿಮ್ಮಲ್ಲಿ ಎರಡು ಮೂರು ದಿನಕ್ಕೇ ಆಗಬಹುದು.

ತೆಗೆದದ್ದನ್ನು ಚರಂಡಿಗೆ ಸುರಿಯಬೇಡಿ. ಮರದ ಹೊಟ್ಟು ಬೆರೆಸಿ, ಮುಚ್ಚಳದ ಬಕೆಟ್ಟಿನಲ್ಲಿ ಇಟ್ಟು ಕಸ ಒಯ್ಯುವವರನ್ನು ಕೇಳಿ ಕೊಡಿ. ವಡೆ, ಬಜ್ಜಿ ಕರಿದ ಎಣ್ಣೆಯನ್ನು ಇದಕ್ಕೆ ಬೆರೆಸಬೇಡಿ. ಅದನ್ನು ಬಯೋಡೀಸೆಲ್‌ಗೆ ಒಯ್ಯುವವರಿದ್ದಾರೆ. ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ) ಶೇ. 25 ದಾಟಿದರೆ ಮತ್ತೆ ಬಳಸುವಂತಿಲ್ಲ, 2018ರ ಜುಲೈನಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ.

ಇನ್ನೊಂದು, ತಟ್ಟೆ, ಬೆಣ್ಣೆ ಬಟ್ಟಲು ನೀರಿಗೆ ಹಾಕುವ ಮುಂಚೆ ಹಳೇ ಪೇಪರಿನಲ್ಲಿ ಒರೆಸಲಿ. ಹಿಟ್ಟಿನ ಪಾತ್ರೆಯನ್ನು ಕೈಯಲ್ಲೇ ಬಳಿದು ತೆಗೆಯಲಿ, ಸಿಂಕಿನ ತೂತಿಗೆ ಜಾಲರಿ ಹಾಕಿಸಿ. ಎರಡು ವಾರ ದಿನಾ ಕೋಲಿನ ಅಳತೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಫೋಟೋ ಇಲ್ಲಿ ಹಾಕಿ, ಎಷ್ಟು ಲೀಟರಿನ ಟ್ರ್ಯಾಪ್ ಬೇಕು ಅಂತ ನೋಡಿ ಹೇಳುತ್ತೇನೆ.