ರೈಫಲ್ಲಿನ ಕಾಡತೂಸಿಗೆ ತುಂಬುವ ಪೌಡರ್: ‘ಮದ್ದು’, ‘ಪುಡಿ’, ‘ದಾರೂ’ಗಳಲ್ಲಿ ಯಾವುದು ಸರಿ?

ಮಾನ್ಯರೇ,

ಹಾರಿಸಿ ಉಳಿದ ಕಾಡತೂಸಿನ (ಕಾರ್ಟ್ರಿಜ್) ಹಿತ್ತಾಳೆ ಕೋಶಕ್ಕೆ ಹೊಸ ಕೇಪು (ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಪೌಡರ್ ಮತ್ತು ಗುಂಡನ್ನು ಕೂಡಿಸಿ ಮತ್ತೆ ಬಳಸುವುದು ಅಮೆರಿಕದ ಬಂದೂಕು ಹವ್ಯಾಸಿಗಳ ರೂಢಿ. ಹಲವು ಕ್ಯಾಲಿಬರಿನ (ನಳಿಗೆಯ ಒಳ ಅಳತೆಯ) ರೈಫಲ್ಲುಗಳನ್ನು ಇಟ್ಟುಕೊಂಡವನು ಒಂದೊಂದಕ್ಕೂ ಬೇರೆ ಡಬ್ಬಿ ಕೊಳ್ಳದೆ ಎಲ್ಲಕ್ಕೂ ಒದಗುವ ಒಂದೇ ಪೌಡರನ್ನು ಆರಿಸಿಕೊಳ್ಳಬಹುದೇ ಎಂಬುದನ್ನು ಚರ್ಚಿಸುವ ಬರಹವೊಂದನ್ನು ಧಾರವಾಡದಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲವಾದ್ದರಿಂದ ಈ ಕೆಲಸದ ಮಾತು ಕನ್ನಡದಲ್ಲಿ ಬೆಳೆದಿಲ್ಲ.

ಮೊದಲ ತೊಡಕು ‘ಪೌಡರ್’. ಇದನ್ನು ‘ಪುಡಿ’ ಎಂದರೆ ವಸ್ತುವಿನ ರೂಪವೇ ತಪ್ಪಾಗುತ್ತದೆ. ರೈಫಲ್ಲಿಗೆ ತುಂಬುವುದು ಹಿಟ್ಟಿನಂತಹ ಪುಡಿಯಲ್ಲ, ಸಣ್ಣ ಕಡ್ಡಿಯ ತುಂಡುಗಳು ಅಥವಾ ದುಂಡು ಕಾಳುಗಳು. ‘ಮದ್ದು’ ನನಗೆ ಒಪ್ಪಿಗೆಯಾದ ಪದ. ಹಳಗನ್ನಡದ ‘ಮರ್ದು’ವಿನಿಂದ ಬಂದ ಇದರ ಮೊದಲ ಅರ್ಥ ಔಷಧ, ತಮಿಳಿನ ‘ಮರುಂದು’, ತೆಲುಗಿನ ‘ಮಂದು’ಗಳಿಗೂ ಔಷಧ ಮತ್ತು ಕೋವಿಮದ್ದು ಎಂಬ ಎರಡು ಅರ್ಥಗಳಿವೆ. ಮರಾಠಿಗೆ ಪಾರಸಿಯಿಂದ ಬಂದ ‘ದಾರೂ’ ಕೂಡ ಮೂಲದಲ್ಲಿ ಔಷಧವೇ. ಚೀನೀಯರಂತೂ ಇದನ್ನು ‘ಬೆಂಕಿಯ ಔಷಧ’ ಎಂದೇ ಕರೆದರು. ಇಷ್ಟು ದೂರದ ಭಾಷೆಗಳೆಲ್ಲ ಒಂದೇ ದಾರಿ ಹಿಡಿದಿರುವಾಗ ಸಂಸ್ಕೃತದಿಂದ ಹೊಸ ಸಮಾಸ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಮರಾಠಿಯ ಬಳಕೆಯನ್ನು ಹಿಡಿದು ‘ದಾರೂ’ ಎಂದೇ ಬರೆಯಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ಆದರೆ ಹುಬ್ಬಳ್ಳಿಯ ಓದುಗನಿಗೆ ‘ಎಲ್ಲ ರೈಫಲ್ಲಿಗೂ ಒಂದೇ ದಾರೂ’ ಎಂಬ ತಲೆಬರಹ ಯಾವ ಅಂಗಡಿಯನ್ನು ನೆನಪಿಸುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಮದ್ದು’ವಿಗೂ ಒಂದು ಆಕ್ಷೇಪವಿದೆ. ನಮ್ಮ ಕಡೆಯ ಜಾತ್ರೆಯ ಕರಪತ್ರಗಳಲ್ಲಿ ‘ಮದ್ದು ಸುಡುವ ಕಾರ್ಯಕ್ರಮ’ ಎಂದಾಗ ಮನಸ್ಸಿಗೆ ಬರುವುದು ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದು. ರೈಫಲ್ಲಿಗೆ ಇಂದು ತುಂಬುವುದು 1884ರಲ್ಲಿ ಫ್ರಾನ್ಸಿನಲ್ಲಿ ಮೊದಲು ಸಿದ್ಧವಾದ, ನೈಟ್ರೋಸೆಲ್ಯುಲೋಸನ್ನು (ಹತ್ತಿಯಂತಹ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪಡೆದದ್ದು) ಆಧರಿಸಿದ ಬಗೆ. ಮೊದಲ ಸಲ ‘ಹೊಗೆಯಿಲ್ಲದ ಮದ್ದು’ ಎಂದು ಹೇಳಿ, ಮುಂದೆ ಬರಿಯ ‘ಮದ್ದು’ ಎಂದರೆ ಸಾಕೆಂದು ತೋರುತ್ತದೆ. ಅದೇ ಕರಪತ್ರದ ‘ಸುಡು’ ಎಂಬ ಕ್ರಿಯಾಪದವೂ ನನಗೆ ಉಪಯೋಗಕ್ಕೆ ಬಂದಿದೆ. ಈ ಮದ್ದು ಕೋಶದೊಳಗೆ ಸಿಡಿಯುವುದಿಲ್ಲ, ವೇಗವಾಗಿ ಸುಡುತ್ತದೆ. ಆದ್ದರಿಂದ ‘ಸ್ಫೋಟದ ವೇಗ’ ಎಂಬುದಕ್ಕಿಂತ ‘ಸುಡುವ ವೇಗ’ ಸರಿ. ವೇಗದ ಬಗೆಗೆ ‘ಚುರುಕು ಮದ್ದು’, ನಿಧಾನದ ಬಗೆಗೆ ‘ಸಾವಕಾಶ ಮದ್ದು’ ಎಂದು ಬರೆದಿದ್ದೇನೆ.

ನಿಜವಾದ ಸಮಸ್ಯೆ ಇರುವುದು ‘ಎಲ್ಲಕ್ಕೂ ಒದಗುವ’ ಎಂಬಲ್ಲಿ. ‘ಬಹೂಪಯೋಗಿ’ ಎಂದರೆ ಕೃಷಿ ಉಪಕರಣದ ಜಾಹೀರಾತಿನಂತಾಗುತ್ತದೆ, ‘ಸರ್ವಸಮ’ ಎಂದರೆ ಅಪಾಯವೇ ಆಗುತ್ತದೆ. ಮೂಲದಲ್ಲಿ ಹೆಸರಿಸಿರುವ 4895 ಎಂಬ ಮದ್ದು ಎರಡನೆಯ ಮಹಾಯುದ್ಧದ ಕಾಲದ ಸೈನಿಕ ರೈಫಲ್ಲಿನ .30-06 ಕಾಡತೂಸಿಗಾಗಿ ರೂಪುಗೊಂಡದ್ದು. ಅದರ ಸುಡುವ ವೇಗ ಮಧ್ಯಮವಾದ್ದರಿಂದ .308, .223 ಎಂಬ ಬೇರೆ ಕಾಡತೂಸುಗಳಿಗೂ ಒಗ್ಗುತ್ತದೆ. ಆದರೆ ಒಗ್ಗುವುದು ಮದ್ದೇ ಹೊರತು ತುಂಬುವ ಅಳತೆಯಲ್ಲ. .308 ಮತ್ತು .30-06 ಎರಡರಲ್ಲೂ ಗುಂಡಿನ ವ್ಯಾಸ 7.82 ಮಿಲಿಮೀಟರ್ ಇದ್ದರೂ ಮೊದಲನೆಯದರ ಕೋಶ 51 ಮಿಲಿಮೀಟರ್, ಎರಡನೆಯದರದು 63 ಮಿಲಿಮೀಟರ್ ಉದ್ದವಿರುವುದರಿಂದ, ಪ್ರತಿಯೊಂದಕ್ಕೂ, ಅಷ್ಟೇ ಅಲ್ಲದೆ ಗುಂಡಿನ ಪ್ರತಿ ತೂಕಕ್ಕೂ, ತಯಾರಕರು ಪ್ರಕಟಿಸಿದ ಬೇರೆ ಬೇರೆ ಕೋಷ್ಟಕವನ್ನೇ ಅನುಸರಿಸಬೇಕು. ಮಿತಿ ಮೀರಿದರೆ ಒತ್ತಡ ಏರಿ ಬಂದೂಕೇ ಒಡೆಯಬಹುದು. ಕ್ಯಾಲಿಬರಿಗೆ ‘ಒಳವ್ಯಾಸ’ ಎನ್ನುವುದೂ ಇದೇ ಕಾರಣಕ್ಕೆ ಇಲ್ಲಿ ಸಾಲದು. ಈ ಎರಡರ ಒಳವ್ಯಾಸ ಒಂದೇ, ಕಾಡತೂಸು ಬೇರೆ. ಆದ್ದರಿಂದ ‘ಹಲವು ಕಾಡತೂಸುಗಳಿಗೆ ಒಗ್ಗುವ ಮದ್ದು’ ಎಂದು ಬಿಡಿಸಿ ಬರೆಯುವುದೇ ಲೇಸೆಂದುಕೊಂಡಿದ್ದೇನೆ, ಉದ್ದವಾಯಿತೆಂಬುದು ನಿಜ.

‘ಗ್ರೇನ್’ ಕೂಡ ಹೀಗೆಯೇ ಮೋಸ ಮಾಡುವ ಪದ. ಅದು ಮದ್ದಿನ ಕಾಳೂ ಹೌದು, ಸುಮಾರು 65 ಮಿಲಿಗ್ರಾಮಿನ ತೂಕವೂ ಹೌದು. ಒಂದು ಪೌಂಡಿಗೆ 7000 ಗ್ರೇನ್. ತೂಕಕ್ಕೆ ‘ಗ್ರೇನ್’ ಎಂದೇ ಉಳಿಸಿ, ಬಿಡಿ ತುಂಡಿಗೆ ಮಾತ್ರ ‘ಕಾಳು’ ಎಂದಿದ್ದೇನೆ. ಚಿನಿವಾರರ ‘ಗುಂಜಿ’ಯನ್ನು ತರುವ ಆಸೆಯಾಯಿತು, ಆದರೆ ಅದು ಹೆಚ್ಚು ಕಡಿಮೆ ಇದರ ಎರಡರಷ್ಟು ತೂಗುವುದರಿಂದ ಕೈಬಿಟ್ಟೆ. ‘ಬಾರು ಮಾಡು’ ಎಂಬ ಹಳೆಯ ನುಡಿಯನ್ನೂ ಬಳಸಿಲ್ಲ, ಏಕೆಂದರೆ ಅದು ಬಂದೂಕನ್ನು ತುಂಬುವುದಕ್ಕೆ ಸಲ್ಲುತ್ತದೆ. ಖಾಲಿ ಕೋಶವನ್ನು ಸಿದ್ಧಪಡಿಸುವುದಕ್ಕೆ ‘ಮರುತುಂಬುವುದು’ ಎಂದಿದ್ದೇನೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ಗದಗ, ಹಾವೇರಿ ಕಡೆಯ ಹಿರಿಯರ ಮಾತಿನಲ್ಲಿ, ವಿಶೇಷವಾಗಿ ಜಾತ್ರೆಗೆ ಮದ್ದು ಕಟ್ಟುವ ಮನೆತನಗಳಲ್ಲಿ, ಬೇಗ ಸುಡುವ ಮತ್ತು ತಡೆದು ಸುಡುವ ಮದ್ದಿಗೆ ಪ್ರತ್ಯೇಕ ಹೆಸರುಗಳನ್ನು ಯಾರಾದರೂ ಕೇಳಿದ್ದೀರಾ? ಹಾಗೆಯೇ, ‘ಒಗ್ಗುವ ಮದ್ದು’ ಎಂದು ಓದಿದಾಗ ನಿಮಗೆ ಔಷಧದ ಅರ್ಥವೇ ಮೊದಲು ಹೊಳೆಯುತ್ತದೆಯೇ?